ಕಚೇರಿಯ ಅಂಗಳದಲ್ಲಿ ನಲವತ್ತೊಂದು ಸೇತುವೆಗಳು

ಮಾನ್ಯ ಸೇತುವೆ ವಿಭಾಗದ ಮುಖ್ಯಸ್ಥರೇ,

ದೀಪಾವಳಿ ಕಳೆದ ಎಂಟನೆಯ ದಿನ, ಬೆಳಗ್ಗೆ ಏಳೂವರೆಗೆ, ಔರಾದ ತಾಲ್ಲೂಕಿನ ಗವಿಹಳ್ಳದ ಸೇತುವೆ ಮುರಿದು ಒಂಬತ್ತು ಜನ ಸತ್ತರು. ಸೇತುವೆ ಹಳೆಯದಾಗಿತ್ತು ಎಂದಿರಿ. ಅವರನ್ನು ಕೊಂದದ್ದು ನಿಮ್ಮ ಹೊಸ ಜಾಲತಾಣ ಎಂದು ನಾನು ಹೇಳುತ್ತೇನೆ. ಹತ್ತನೆಯವನನ್ನು ಕೊಲ್ಲುವ ಕೆಲಸಕ್ಕೆ ನಾನೂ ಕೈಹಚ್ಚಿದ್ದೆ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಪ್ರವಾಹ ಎಂಬ ನಿಮ್ಮ ಹಳೆಯ ನೆಪ ಈ ಸಲ ದಕ್ಕಲಿಲ್ಲ. ಇದು ಬರದ ಮೂರನೆಯ ವರ್ಷ. ಹಳ್ಳದಲ್ಲಿ ಕುರಿ ಬಾಯಿ ತೋಯಿಸುವಷ್ಟೂ ನೀರಿರಲಿಲ್ಲ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಟ ಇಪ್ಪತ್ತಾರು ಜನ, ಅವರ ಹಾಸಿಗೆ, ಪಾತ್ರೆ, ಒಂದು ಮೇಕೆ, ಎಲ್ಲವನ್ನೂ ಹೊತ್ತ ಟ್ರ್ಯಾಕ್ಟರು ಒಣ ಬಂಡೆಗಳ ಮೇಲೆ ಬಿತ್ತು. ಸುಂದರಬಾಯಿಯ ತಲೆಯ ಮೇಲೆ ಕಾಂಕ್ರೀಟಿನ ತುಂಡು ಕೂತಿತ್ತು. ಅವಳ ಗಂಡ ಹಣಮಂತಪ್ಪ ಹಾರೆ ಹಾಕಿ ಅದನ್ನು ಎತ್ತಿದ. ಕೆಳಗೆ ನೋಡಿದ. ಮತ್ತೆ ಮೆಲ್ಲಗೆ ಇಳಿಸಿಬಿಟ್ಟ.

ಆ ಸೇತುವೆಯೂ ಬರದ್ದೇ ಕೂಸು. ಎಪ್ಪತ್ತೆರಡರ ಬರಗಾಲದ ಕಾಮಗಾರಿಯಲ್ಲಿ ನನ್ನ ಅವ್ವ ಕೇಶರಬಾಯಿ ಅದಕ್ಕೆ ಕಲ್ಲು ಹೊತ್ತವಳು. ಆಮೇಲೆ ವರ್ಷಕ್ಕೆರಡು ಸಲ ಒಬ್ಬ ಮೇಸ್ತ್ರಿ ಸೈಕಲ್ ಮೇಲೆ ಬಂದು, ಧೋತರ ಮೇಲಕ್ಕೆ ಕಟ್ಟಿ ಹಳ್ಳಕ್ಕಿಳಿದು, ಸುತ್ತಿಗೆಯಿಂದ ಕಂಬ ಬಡಿದು ಕಿವಿಗೊಡುತ್ತಿದ್ದ. ಕೇಳಿದ್ದನ್ನು ದಪ್ಪ ವಹಿಯಲ್ಲಿ ಬರೆಯುತ್ತಿದ್ದ. ಎರಡು ವರ್ಷದ ಹಿಂದೆ ನೀವು ಆ ವಹಿಗಳನ್ನೆಲ್ಲ ಗುಜರಿಗೆ ಹಾಕಿ, ಸೇತುವೆ ಪರಿಶೀಲನೆಗೆಂದೇ ಜಾಲತಾಣ ಕಟ್ಟಿಸಿದಿರಿ. ಯಾವ ಸೇತುವೆ ಎಲ್ಲಿದೆ, ಅದನ್ನು ಯಾವಾಗ ನೋಡಿದರು, ಹೊಣೆ ಯಾರದು ಎಂಬುದನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ಓದಬಹುದು ಎಂದಿರಿ. ಉದ್ಘಾಟನೆಯಲ್ಲಿ ಮುಂದಿನ ಸಾಲಿನಲ್ಲೇ ಕೂತು ಚಪ್ಪಾಳೆ ತಟ್ಟಿದವಳು ನಾನು.

ಅಂದು ಹೆಣಗಳ ನಡುವೆ ನಿಂತು ಓದಿದವಳೂ ನಾನೇ. “ಪರಿಶೀಲನೆ: ಒಮ್ಮೆಯೂ ಇಲ್ಲ. ಹೊಣೆ: ನರಸಿಂಗ, ವರ್ಕ್ ಇನ್‌ಸ್ಪೆಕ್ಟರ್.” ಎಲ್ಲರಿಗೂ ಕೇಳಲೆಂದು ಎರಡು ಸಲ ಓದಿದೆ. ಅಷ್ಟರಲ್ಲಿ ಆ ನರಸಿಂಗ ಬೈಕು ಬಿಸಾಡಿ, ಅಳುತ್ತ ದಂಡೆ ಇಳಿದು ಬಂದ.

“ಇವನೇ ನೋಡ್ರಿ, ಪುಲ್ ನೋಡ್ಲಾರ್ದ ಸಾಹೇಬ!” ಗುಂಪಿನಲ್ಲೊಬ್ಬ ಕೂಗಿದ.

“ಬಂದೀನ್ರಿ! ಹನ್ನೊಂದ ಸಲ ಬಂದೀನ್ರಿ ಇಲ್ಲಿ...”

“ಬಂದು ಏನ್ ಮಾಡ್ದಿ? ನೆಳ್ಳಿಗಿ ಮಲ್ಕೊಂಡ್ಯಾ?”

ಕಬ್ಬು ಕಡಿಯುವ ಕೊಯ್ತಾದ ಹಿಂಬದಿಯಿಂದ ಮೊದಲ ಏಟು ಬಿತ್ತು. ಆಮೇಲೆ ಕಲ್ಲು. ನನ್ನ ಚಪ್ಪಲಿ ಮೂರನೆಯದೋ ನಾಲ್ಕನೆಯದೋ. ಅವನ ಎಡಗಣ್ಣು ಒಡೆದು ಕೆನ್ನೆಗೆ ಇಳಿಯುವವರೆಗೆ ಯಾರೂ ನಿಲ್ಲಿಸಲಿಲ್ಲ.

ಹದಿನೈದು ದಿನಗಳ ಮೇಲೆ ಬೀದರಿನ ಆಸ್ಪತ್ರೆಗೆ ಹೋದೆ. ಕ್ಷಮೆ ಕೇಳಲಿಕ್ಕಲ್ಲ, ಇನ್ನಷ್ಟು ಬೈಯಲಿಕ್ಕೆ. ಅವನು ನಾನು ಕಲಿಸುತ್ತಿದ್ದ ಶಾಲೆಯಲ್ಲೇ ಓದಿದವನು. ನನ್ನನ್ನು ನೋಡಿ ನಕ್ಕ. “ಬಾಯಾರ, ಸಾಲ್ಯಾಗ ನೀವು ಇದಕ್ಕಿಂತ ಜೋರ ಹೊಡೀತಿದ್ರಿ.” ಆಮೇಲೆ ದಿಂಬಿನಡಿಯಿಂದ ಫೋನು ತೆಗೆದುಕೊಟ್ಟ.

ಅದರಲ್ಲಿ ಹನ್ನೊಂದು ದಿನಾಂಕಗಳ ಚಿತ್ರಗಳಿವೆ. ಒಣ ಹಳ್ಳದ ಮರಳನ್ನು ಯಂತ್ರ ಹಚ್ಚಿ ಬಗೆದಿದ್ದರಿಂದ ಎರಡನೆಯ ಕಂಬದ ಬುನಾದಿ ಎದೆಮಟ್ಟ ಬಯಲಾಗಿದೆ. ಬಿರುಕಿನಲ್ಲಿ ಅವನ ಅಂಗೈ ಪೂರ್ತಿ ಹೋಗಿದೆ. ಪ್ರತಿ ಸಲವೂ ನಿಮ್ಮ ಜಾಲತಾಣ ಕೊಟ್ಟ ಉತ್ತರ ಒಂದೇ: “ನೀವು ಸೇತುವೆಯಿಂದ 38 ಕಿ.ಮೀ. ದೂರದಲ್ಲಿದ್ದೀರಿ. ವರದಿ ಸ್ವೀಕರಿಸಲಾಗದು.”

“ಪುಲ್ ಕೆಳಗ ನಿಂತವಗ ಪುಲ್ ದೂರ ಅದ ಅಂದ್ರ, ಎಲ್ಲಿ ಹೋಗ್ಲಿರಿ ಬಾಯಾರ?” ಕಾಗದದಲ್ಲಿ ಬರೆದು ಕೊಟ್ಟರೆ, ಕಾಗದದ ವರದಿ ಪರಿಗಣಿಸುವುದಿಲ್ಲ ಎಂದು ನಿಮ್ಮ ಕಚೇರಿ ಕಾಗದದಲ್ಲೇ ಉತ್ತರಿಸಿದೆ!

ಜಾಲತಾಣ ಕಟ್ಟಿದ ಯೂಸುಫರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಸೇತುವೆಯ ನೂರು ಮೀಟರಿನೊಳಗೆ ನಿಂತು, ಅಲ್ಲೇ ಚಿತ್ರ ತೆಗೆದರೆ ಮಾತ್ರ ವರದಿ ತೆಗೆದುಕೊಳ್ಳುವಂತೆ ಮಾಡಿದ್ದರಂತೆ. ಒಳ್ಳೆಯ ನಿಯಮವೇ. ಆದರೆ ಸೇತುವೆ ಎಲ್ಲಿದೆ ಎಂದು ಮೊದಲು ಜಾಲತಾಣದ ನಕ್ಷೆಯಲ್ಲಿ ಗುರುತು ಮಾಡಬೇಕಲ್ಲ? “ಒಂದೊಂದ್ ಪುಲ್‌ಗೂ ಹೋಗಬೇಕು, ಜೀಪ್ ಕೊಡ್ರಿ ಅಂದೆ ಮೇಡಂ. ನಾಡದು ಉದ್ಘಾಟನಿ ಅದ, ಇಲ್ಲೇ ಅಂಗಳದಾಗ ನಿಂತು ಎಲ್ಲಾ ತುಂಬು, ಆಮ್ಯಾಲ ತಿದ್ದೂಣು ಅಂದ್ರು ಸಾಹೇಬ್ರು. ಆ ಆಮ್ಯಾಲ ಇನ್ನೂ ಬಂದಿಲ್ರಿ.”

ಹೀಗೆ ಬೀದರ್, ಭಾಲ್ಕಿ, ಔರಾದ ತಾಲ್ಲೂಕುಗಳ ನಲವತ್ತೊಂದು ಸೇತುವೆಗಳೂ ನಕ್ಷೆಯಲ್ಲಿ, ಗವಿಹಳ್ಳದಿಂದ 38 ಕಿ.ಮೀ. ದೂರದ ನಿಮ್ಮ ಕಚೇರಿಯ ಅಂಗಳದಲ್ಲೇ ಬಂದು ನಿಂತವು. ಉಳಿದ ನಲವತ್ತಕ್ಕೂ “ಸುಸ್ಥಿತಿ” ಎಂಬ ವರದಿ ಇದೆ, ಚಿತ್ರವೂ ಇದೆ. ಎಲ್ಲದರಲ್ಲೂ ಅದೇ ಕಾಂಪೌಂಡ್ ಗೋಡೆ, ಅದೇ ಬೇವಿನ ಮರ. ಭಾಲ್ಕಿಯ ಒಂದು ಸೇತುವೆಯ ಮೇಲಂತೂ ನಿಮ್ಮ ಕಾರು ತೊಳೆಯುತ್ತಿದ್ದಾರೆ. ಎರಡು ವರ್ಷದಲ್ಲಿ ನೀವು ಒಮ್ಮೆಯೂ ತೆರೆದು ನೋಡಲಿಲ್ಲವೇ? ನೋಡಿದ್ದರೆ, ಗೋಡೆಗೂ ಸೇತುವೆಗೂ ಇರುವ ವ್ಯತ್ಯಾಸ ತಿಳಿಯಲು ಎಷ್ಟು ಓದಿರಬೇಕು? ನೀನೂ ಗೋಡೆಯ ಫೋಟೋ ಹಾಕು ಎಂದು ಜೊತೆಯವರು ನರಸಿಂಗನಿಗೂ ಹೇಳಿದ್ದರು. “ಗೋಡಿ ಗಟ್ಟಿ ಅದರಿ, ಅದಕ್ಕ ನನ್ನ ಸಹಿ ಯಾಕ?” ಎಂದನಂತೆ ಆ ಪುಣ್ಯಾತ್ಮ. ಸುಳ್ಳು ಬರೆದವರು ಕುರ್ಚಿಯಲ್ಲಿದ್ದಾರೆ. ಬರೆಯದವನ ಮೇಲೆ ಒಂಬತ್ತು ಸಾವುಗಳ ಮೊಕದ್ದಮೆ ಇದೆ. ಅದಕ್ಕೆ ಸಾಕ್ಷಿ ನಿಮ್ಮ ಜಾಲತಾಣ!

ಇನ್ನೂ ಹೇಯವಾದದ್ದು ಮೊನ್ನೆ ಬುಧವಾರ ಕಣ್ಣಿಗೆ ಬಿತ್ತು. ಗವಿಹಳ್ಳದ ಗುರುತು ಸದ್ದಿಲ್ಲದೆ ಹಳ್ಳಕ್ಕೆ ಹೋಗಿ ಕೂತಿದೆ. ಇದ್ದ ಸೇತುವೆಗಳೆಲ್ಲ ಇನ್ನೂ ನಿಮ್ಮ ಅಂಗಳದಲ್ಲಿವೆ. ಸತ್ತದ್ದೊಂದನ್ನೇ ಊರಿಗೆ ಕಳಿಸಿದ್ದೀರಿ. ಗುರುತು ಮೊದಲಿನಿಂದಲೂ ಸರಿಯಿತ್ತು, ನರಸಿಂಗನೇ ಹೋಗಲಿಲ್ಲ ಎಂದು ಇನ್ನು ನ್ಯಾಯಾಲಯದಲ್ಲಿ ತೋರಿಸಬಹುದು. ಒಂದು ಕಣ್ಣು ನಾವು ಕಿತ್ತೆವು. ಉಳಿದ ಆಯುಷ್ಯ ನೀವು ಕೀಳಲು ಹೊರಟಿದ್ದೀರಿ. ನಮ್ಮ ಕೈಯಲ್ಲಾದರೂ ರಕ್ತ ಕಾಣುತ್ತಿತ್ತು.

ಮುಂದಿನ ತಿಂಗಳ ಒಂಬತ್ತಕ್ಕೆ ಅವನ ವಿಚಾರಣೆ. ಅದಕ್ಕೂ ಮೊದಲು ಔರಾದಿನ ಬಸ್ ನಿಲ್ದಾಣದ ಮುಂದೆ, ಹಾಡಹಗಲು, ಸತ್ತವರ ಮನೆಯವರೆದುರು ನಿಂತು ಹೇಳಿ: ಗವಿಹಳ್ಳದ ಗುರುತನ್ನು ಯಾವ ದಿನ, ಯಾರ ಅಪ್ಪಣೆಯಿಂದ ಸರಿಸಿದಿರಿ? ಉತ್ತರ ಬಾಯಿಂದಲೂ ಬರಲಿ, ಸಹಿ ಹಾಕಿದ ಕಾಗದದಲ್ಲೂ ಇರಲಿ.

ಇಂತಿ,
ನರಸಿಂಗನಿಗೆ ಹೊಡೆದವರೆಂದು ಪೊಲೀಸರು ಬರೆದುಕೊಂಡ ‘ಅಪರಿಚಿತ’ರಲ್ಲಿ ಒಬ್ಬಳು,
ಭಾಗೀರಥಿಬಾಯಿ
ನಿವೃತ್ತ ಮುಖ್ಯೋಪಾಧ್ಯಾಯಿನಿ, ಔರಾದ