ಸ್ಮೃತಿಯನ್ನು ಬೆಂಚಿಗೆ ಕರೆದದ್ದು

೭ ಫೆಬ್ರವರಿ ೧೯೯೮, ಶನಿವಾರ. ಕ್ರೋಯ್ಡನ್.

ಗೆದ್ದೆವು. ಆದರೂ ನಿದ್ದೆ ಬರದೆ ಇದನ್ನು ಬರೆಯುತ್ತ ಕೂತಿದ್ದೇನೆ.

ಕಾಲೇಜಿನ ಹುಡುಗಿಯರನ್ನು ಸೇರಿಸಿ ನಾನು ಈ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಿ ಎರಡು ವರ್ಷವಾಯಿತು. ಈ ಲೀಗಿನಲ್ಲಿ ಎಲ್ಲರೂ ನಮ್ಮನ್ನು ಬಗ್ಗುಬಡಿದವರೇ. ಇಂದು ಸೋತಿದ್ದರೆ ಕೆಳಗಿನ ವಿಭಾಗಕ್ಕೆ ಬೀಳುತ್ತಿದ್ದೆವು.

ಸ್ಮೃತಿ ತಂಡದ ನಾಯಕಿ, ನನ್ನ ಮಗಳು. ಅವಳು ತಡೆಯಬೇಕಾಗಿದ್ದ ಎದುರು ತಂಡದ ಹುಡುಗಿ ಮತ್ತೆ ಮತ್ತೆ ನುಸುಳಿಹೋಗಿ ಚೆಂಡನ್ನು ಬುಟ್ಟಿಗೆ ಹಾಕುತ್ತಿದ್ದಳು. ಆಟ ಮುಗಿಯಲು ಸ್ವಲ್ಪವೇ ಉಳಿದಿದ್ದಾಗ ಸ್ಮೃತಿಯನ್ನು ಬೆಂಚಿಗೆ ಕರೆದು, ಹೊಸಬಳಾದ ಜಾಯ್ಸ್‌ಳನ್ನು ಇಳಿಸಿದೆ. ಜಾಯ್ಸ್ ಆ ಹುಡುಗಿಯನ್ನು ಅಲ್ಲಾಡಲು ಬಿಡಲಿಲ್ಲ. ಒಂದೇ ಅಂಕದಿಂದ ಉಳಿದುಕೊಂಡೆವು.

ವಾಪಸು ಬರುವಾಗ ಸ್ಮೃತಿ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಕಾರು ಓಡಿಸುತ್ತಿದ್ದ ನಮ್ಮವರಿಗೆ ತಡೆಯಲಾಗಲಿಲ್ಲ.

"ಅಲ್ವೇ, ಎಲ್ಲರ ಮುಂದೆ ಮಗಳನ್ನೇ ಕೂರಿಸಿಬಿಟ್ಯಲ್ಲ?"

"ಬೇರೆಯವರ ಮಗಳಾಗಿದ್ರೆ ಇನ್ನೂ ಬೇಗ ಕೂರಿಸ್ತಿದ್ದೆ ರೀ."

ಮಾತು ಬಾಯಿಂದ ಜಾರಿದ ಮೇಲೆಯೇ ಅದು ನಿಜವೆಂದು ನನಗೆ ಹೊಳೆದದ್ದು. ಹಿಂದಿನಿಂದ ಸ್ಮೃತಿ ಸಣ್ಣ ದನಿಯಲ್ಲಿ ಹೇಳಿದಳು: "ನಂಗೆ ಕಾಲೇ ಓಡ್ತಿರ್ಲಿಲ್ಲ ಅಮ್ಮ. ನಿನ್ನೇ ನೋಡ್ತಿದ್ದೆ. ವೈ ಡಿಡ್ ಯು ವೇಟ್ ಸೋ ಲಾಂಗ್?"

ಮನೆಗೆ ಬಂದವಳೇ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು.

ಮಂಗಳವಾರದ ಅಭ್ಯಾಸದಲ್ಲಿ ಮೊದಲ ಐವರು ಯಾರೆಂದು ನಾನೇ ಹೇಳಬೇಕು. ಜಾಯ್ಸ್ ಇರಲೇಬೇಕೆಂದು ಗೊತ್ತಿದೆ. ಆದರೂ ಅವಳಿಗಾಗಿ ಸ್ಮೃತಿಯ ಹೆಸರು ಹೊಡೆದುಹಾಕಲು ಇನ್ನೂ ಕಾಯುತ್ತಿದ್ದೇನೆ.