ಮಾರ್ಚ್ ಇಲ್ಲದ ಕ್ಯಾಲೆಂಡರ್

ಫೆಬ್ರವರಿ ೨೫, ಬುಧವಾರ
ಸಂಜೆ ನಾಲ್ಕೂವರೆ, ಸ್ಟುಡಿಯೋದಿಂದ

ಮುದ್ದಿನ ಗುಬ್ಬಿಗೆ,

ನಿನ್ನ ಅಕ್ಕನ ತುಂಬು ಮನಸ್ಸಿನ ಹಾರೈಕೆ. ನಾವಿಬ್ಬರೂ ಕ್ಷೇಮ. ನಿನ್ನ ಭಾವನ ಮಂಡಿನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ನೀನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಮೇಲ್ವಿಚಾರಕಿ ಆದೆಯಂತೆ. ನಿಮ್ಮ ಕ್ಯಾಂಟೀನಿಗೆ ಬ್ರೆಡ್ ಹಾಕಲು ಬಂದಾಗ ಯಾರೋ ಹೇಳಿದರೆಂದು ನಿನ್ನ ಭಾವ ಬಂದು ಹೇಳಿದರು. ಆಗಲೇ ನಾಲ್ಕು ಸಾಲು ಬರೆಯಬೇಕಿತ್ತು. ಪೆನ್ನು ಹಿಡಿದೆ, ಇಟ್ಟೆ. ಹೀಗೆ ಎಷ್ಟು ಸಲವೋ. ಎಡಗಿವಿಯ ಮೆಷಿನ್ನು ಈಗಲಾದರೂ ಸರಿಯಾಗಿ ಕೂರುತ್ತದೆಯೇ?

ಇಷ್ಟು ವರ್ಷ ಸುಮ್ಮನಿದ್ದವಳು ಕೆಲಸ ಬಿದ್ದಾಗ ಬರೆಯುತ್ತಿದ್ದಾಳೆ ಅನ್ನುತ್ತೀಯ. ಅನ್ನು. ಹೌದು, ಕೆಲಸವೇ ಬಿದ್ದಿದೆ. ಒಬ್ಬ ಹೆಣ್ಣುಮಗಳ ಜೀವಕ್ಕೆ ನಾನು ಕುತ್ತು ತಂದಿಟ್ಟಿದ್ದೇನೆ ಕಣೇ. ಅವಳನ್ನು ಒಂದಷ್ಟು ದಿನ, ನೀನೊಬ್ಬಳೇ ಇರುವ ಆ ಮನೆಯಲ್ಲಿ ಇಟ್ಟುಕೊಳ್ಳುತ್ತೀಯಾ ಎಂದು ಕೇಳುವುದಕ್ಕೆ ಈ ಕಾಗದ. ಶಟರ್ ಅರ್ಧ ಇಳಿಸಿ, ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಅಂಕುಡೊಂಕಾಗಿದ್ದರೆ ಬೈಯಬೇಡ.

ಹೋದ ವರ್ಷದ ನೆರೆಯ ಸುದ್ದಿ ನೀನೂ ಓದಿರುತ್ತೀಯ. ನಮ್ಮದು ಎತ್ತರದ ಜಾಗ, ಬಚಾವಾದೆವು. ಹೊಳೆ ದಂಡೆಯ ಊರುಗಳಿಂದ ಬಂದವರಲ್ಲಿ, ಹಿಂದಿರುಗಲು ಮನೆಯೂ ಇಲ್ಲ ಮನೆಯವರೂ ಇಲ್ಲ ಎನ್ನುವಂಥ ಹನ್ನೆರಡು ಹೆಂಗಸರು ಇಲ್ಲೇ ಉಳಿದರು. ನಮ್ಮ ಬೀದಿಯ ಹೊಲಿಗೆ ಟೀಚರ್ ಹಳೇ ಗೋದಾಮಿನ ಶೆಡ್ಡಿನಲ್ಲಿ ಅವರಿಗೆ ಜಾಗ ಮಾಡಿಕೊಟ್ಟು ಹೊಲಿಗೆ ಕಲಿಸತೊಡಗಿದಳು. ಮೆಷಿನ್ನು ಬೇಕು, ಸೋರುವ ಸೂರಿಗೆ ತಗಡು ಬೇಕು. ಮೊದಲು ಡಬ್ಬಿ ಹಿಡಿದು ಬೀದಿ ಬೀದಿ ಸುತ್ತಿದೆವು. ಜನ ಏನು ಕೊಟ್ಟರು ಗೊತ್ತಾ? ಗುಂಡಿ ಕಿತ್ತ ಕೋಟು, ಒಂದೇ ಕಾಲಿನ ಬೂಟು. ಒಬ್ಬ ಪುಣ್ಯಾತ್ಮ ಟೈ ಕೊಟ್ಟ. ಮನೆ ಕಳೆದುಕೊಂಡ ಹೆಂಗಸು ಟೈ ಕಟ್ಟಿಕೊಂಡು ಎಲ್ಲಿಗೆ ಹೋಗಬೇಕಪ್ಪಾ!

ಟೀಚರ್‌ಗೆ ರೇಗಿಹೋಯಿತು. “ಅಯ್ಯೋ ಪಾಪ ಅನ್ನಿಸ್ಕೊಂಡು ದುಡ್ಡೆತ್ತೋದು ಸಾಕು. ಕ್ಯಾಲೆಂಡರ್ ಮಾಡೋಣ. ತಿಂಗಳಿಗೊಬ್ಬಳು, ಕೆಲಸ ಮಾಡ್ತಿರೋ ಫೋಟೋ. ಜನ ಕೊಂಡ್ಕೊಳ್ಲಿ, ವರ್ಷವೆಲ್ಲಾ ಗೋಡೆ ಮೇಲೆ ನೋಡ್ಲಿ,” ಎಂದಳು. ಫೋಟೋ ತೆಗೆಯುವುದಕ್ಕೆ ನಾನಿದ್ದೇನಲ್ಲ, ಹಿರಿಹಿರಿ ಹಿಗ್ಗಿದೆ. ಅಂದಿನಿಂದ ಶೆಡ್ಡಿನಲ್ಲಿ ಎಲ್ಲರಿಗೂ ತಿಂಗಳ ಹೆಸರೇ ಬಿತ್ತು. “ಜುಲೈ, ಆ ಕತ್ತರಿ ಕೊಡೇ,” “ನವೆಂಬರ್‌ಗೆ ಯಾಕೋ ಇವತ್ತು ಮೂಗಿನ ತುದೀಲೇ ಕೋಪ,” ಹೀಗೆ ದಿನವಿಡೀ ನಗು. ಊರಿನ ಅರ್ಧಕ್ಕರ್ಧ ಗೋಡೆಗಳ ಮೇಲೆ ಈಗ ನಮ್ಮ ಕ್ಯಾಲೆಂಡರ್ ಇದೆ. ಆಚೆ ಊರುಗಳಿಗೂ ಹೋಗಿದೆ. ಹತ್ತು ಮೆಷಿನ್ನು ಬಂತು, ಸೂರು ಸರಿಹೋಯಿತು.

ಮಾರ್ಚ್ ಮಾತ್ರ ಮುಖ ಕೊಡಲು ಒಪ್ಪಿರಲಿಲ್ಲ. ವಯಸ್ಸು ಮೂವತ್ತರ ಒಳಗೇ. ಮಾತು ಕಡಿಮೆ, ಹೊಲಿಗೆ ಮಾತ್ರ ಅಚ್ಚುಕಟ್ಟು. “ನನ್ನ ಕೈ ಮಾತ್ರ ತೆಗೀರಿ ಅಕ್ಕಾ, ಮುಖ ಬೇಡ,” ಅಂದಳು. ಒಮ್ಮೆಯಲ್ಲ, ಮೂರು ಸಲ ಅಂದಳು. ಆಗಲಿ ಎಂದು ಕೈಯನ್ನೇ ತೆಗೆಯುತ್ತಿದ್ದೆ. ಅಷ್ಟರಲ್ಲಿ ಸೆಪ್ಟೆಂಬರ್ ಹಿಂದಿನಿಂದ ಏನೋ ತಮಾಷೆ ಮಾಡಿದಳು. ಇವಳು ತಲೆಯೆತ್ತಿ ಬಾಯ್ತುಂಬ ನಕ್ಕಳು. ಕಿಟಕಿಯ ಬೆಳಕು ಸರಿಯಾಗಿ ಕೆನ್ನೆಯ ಮೇಲಿತ್ತು. ನನ್ನ ಬೆರಳು ಒತ್ತಿಬಿಟ್ಟಿತು.

ಬೆರಳಿನ ಮೇಲೆ ತಪ್ಪು ಹೊರಿಸುವುದು ಬೇಡ, ನಿನ್ನ ಹತ್ತಿರ ಯಾಕೆ ಸುಳ್ಳು? ಪ್ರೆಸ್ಸಿನಲ್ಲಿ ಎರಡು ಫೋಟೋನೂ ಮೇಜಿನ ಮೇಲಿದ್ದವು. ಕೈಯದನ್ನು ಪಕ್ಕಕ್ಕೆ ಸರಿಸಿ ನಗುವಿನದನ್ನು ಮುಂದಕ್ಕೆ ತಳ್ಳಿದವಳು ನಾನೇ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಫೋಟೋ ತೆಗೆದಿಲ್ಲ. ನೋಡಿದರೆ ಅವಳೂ ಖುಷಿಪಡುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಅಚ್ಚಾಗಿ ಬಂದ ದಿನ ಅವಳು ಆ ಹಾಳೆಯನ್ನು ನೋಡಿದಳು. ಮೂರು ದಿನ ಚಾಪೆ ಬಿಟ್ಟು ಏಳಲಿಲ್ಲ. ನಾಚಿಕೆ ಅಂದುಕೊಂಡೆ, ದಡ್ಡಿ ನಾನು.

ಇವತ್ತು ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಒಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಮಿರಿಮಿರಿ ಮಿಂಚುವ ಬೂಟು. ಸುರುಳಿ ಸುತ್ತಿದ ಮಾರ್ಚ್ ಹಾಳೆಯನ್ನು ಕೌಂಟರಿನ ಮೇಲೆ ಬಿಡಿಸಿದ. ಮೂಲೆಯಲ್ಲಿ ಸ್ಟುಡಿಯೋ ಹೆಸರಿದೆಯಲ್ಲ, ಅದನ್ನು ಹಿಡಿದು ಹುಡುಕಿಕೊಂಡು ಬಂದಿದ್ದ. ಜಂಬಕ್ಕೆ ಹೆಸರು ಹಾಕಿಸಿದವಳೂ ನಾನೇ.

“ನಮ್ಮ ತಂಗಿ ಮೇಡಂ,” ಅಂದ. “ನೆರೆಯಲ್ಲಿ ಹೋಗ್ಬಿಟ್ಲು ಅಂತ ಅತ್ತೂ ಅತ್ತೂ ಸಾಕಾಗಿತ್ತು. ಬದುಕಿದಾಳಾ? ಒಂದ್ಸಲ ಕಣ್ಣಲ್ಲಿ ನೋಡ್ಬೇಕು ಅಷ್ಟೇ.”

ಕೈಗಡಿಯಾರ ಬಿಚ್ಚಿ ಗಾಜಿನ ಮೇಲೆ ಇಟ್ಟ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗಳಗಳನೆ ಅತ್ತ. ಗಂಡಸು ಅತ್ತರೆ ನನ್ನ ಕರುಳು ಎಷ್ಟು ಬೇಗ ಕರಗುತ್ತದೆ ನಿನಗೆ ಗೊತ್ತಲ್ಲ. ನೀರು ಕೊಟ್ಟೆ, ಕುರ್ಚಿ ಕೊಟ್ಟೆ. “ಬದುಕಿದಾಳೆ ಕಣಪ್ಪಾ, ಇದೇ ಊರಲ್ಲಿದಾಳೆ,” ಅಂದೆ. ಶೆಡ್ಡಿನ ದಾರಿಯನ್ನೂ ಆಗಲೇ ಹೇಳಿಬಿಡುತ್ತಿದ್ದೆ. ಹೇಳಲಿಲ್ಲ ಯಾಕೆ ಗೊತ್ತಾ? ಅಣ್ಣ ತಂಗಿ ಒಂದಾಗುವ ಫೋಟೋ ಬೇಕಿತ್ತು ನನಗೆ, ಮುಂದಿನ ವರ್ಷದ ಕ್ಯಾಲೆಂಡರಿಗೆ. ಮಧ್ಯಾಹ್ನದ ಬೆಳಕು ಚೆನ್ನಾಗಿರುವುದಿಲ್ಲ. “ನಾಳೆ ಹನ್ನೊಂದಕ್ಕೆ ಬನ್ನಿ, ನಾನೇ ಕರ್ಕೊಂಡು ಹೋಗ್ತೀನಿ,” ಅಂದೆ. ನನ್ನ ಆ ಆಸೆಬುರುಕತನವೇ ಅವಳಿಗೆ ಒಂದು ದಿನ ಉಳಿಸಿಕೊಟ್ಟಿದೆ.

ಅವನು ಹೋದದ್ದೇ ತಡ, ಶೆಡ್ಡಿಗೆ ಓಡಿದೆ. “ಮಾರ್ಚ್, ಏನ್ ಕೊಡ್ತೀಯಾ ಹೇಳು, ನಿಮ್ಮಣ್ಣ ಬಂದಿದಾನೆ!” ಅಂದೆ.

ಅವಳ ಕಾಲು ಮೆಷಿನ್ನಿನ ಮೇಲೇ ನಿಂತುಹೋಯಿತು. “ನನಗೆ ಅಣ್ಣ ಇಲ್ಲ ಅಕ್ಕಾ. ನಾವು ಮೂರೂ ಹೆಣ್ಣುಮಕ್ಕಳೇ.”

ಅವಳು ಮೆಲ್ಲಗೆ ಕೇಳಿದಳು: “ಮಾತಾಡ್ತಾ ವಾಚ್ ಬಿಚ್ಚಿಟ್ನಾ?”

“ಹೂಂ ಕಣೇ. ಪಾಪ, ಅಳೋಕೆ…”

“ಅಳೋಕಲ್ಲ. ಕೈ ಎತ್ತೋಕೆ ಮುಂಚೆ ಯಾವಾಗ್ಲೂ ಬಿಚ್ಚಿಡ್ತಾನೆ. ಗಾಜು ಒಡೀಬಾರದಲ್ಲ ಅಕ್ಕಾ. ಅವನು ನನ್ನ ಗಂಡ.”

ನೆರೆ ಬಂದ ದಿನ ಅವನು ಎಂದಿನಂತೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗಿದ್ದನಂತೆ. ನೀರು ನುಗ್ಗಿ ಬಾಗಿಲು ಮುರಿಯಿತು. “ನೆರೆ ಎಲ್ಲರ ಮನೆ ಕಿತ್ಕೊಂಡು ಹೋಯ್ತು, ನನಗೆ ಬಾಗಿಲು ತೆಗೆದುಕೊಡ್ತು,” ಅಂದಳು. ಇದನ್ನು ಹೇಳುವಾಗ ಅವಳು ಅಳಲಿಲ್ಲ, ಹರಿದ ದಾರವನ್ನು ಸೂಜಿಗೆ ಪೋಣಿಸುತ್ತಲೇ ಇದ್ದಳು. ನನಗೆ ಮಾತ್ರ ಕೂತ ಕಡೆ ಕೂರಲಾಗಲಿಲ್ಲ.

ಟೀಚರ್ ಆ ಕ್ಷಣವೇ ಠಾಣೆಗೆ ಹೋಗಿ ಬಂದಳು. ಅಲ್ಲಿದ್ದವರು ದೊಡ್ಡ ಪುಸ್ತಕ ತೆಗೆದು ನೋಡಿ, “ಈಯಮ್ಮ ನೆರೆಯಲ್ಲಿ ತೀರ್ಕೊಂಡಿದಾರಲ್ಲ, ಗಂಡನಿಗೆ ಪರಿಹಾರವೂ ಸಿಕ್ಕಿದೆ. ಬದುಕಿದಾರೆ ಅಂದ್ರೆ ಮೊದಲು ಗುರುತು ಹಿಡಿಸಬೇಕು. ಗಂಡನ್ನೇ ಕರೆಸೋಣ,” ಅಂದರಂತೆ. ನಗಬೇಕೋ ಅಳಬೇಕೋ ಹೇಳು. ಹೆಂಡತಿ ಬದುಕಿದ್ದರೆ ಅವನು ದುಡ್ಡು ವಾಪಸು ಮಾಡಬೇಕು. ಕಾಗದದ ಮೇಲೆ ಸತ್ತವಳನ್ನು ಇನ್ನೊಂದು ಸಲ ಸಾಯಿಸಿದರೆ ಕೇಳುವವರು ಯಾರೇ, ಗುಬ್ಬಿ?

ಇನ್ನೊಂದು ಭಯ ಇದೆ. ಬರುವ ಭಾನುವಾರ ಮಾರ್ಚ್ ಒಂದು. ಎಲ್ಲರೂ ಹಾಳೆ ಮಗುಚುತ್ತಾರೆ. ಒಂದೇ ಬೆಳಿಗ್ಗೆ ಅಷ್ಟೂ ಗೋಡೆಗಳ ಮೇಲೆ ಅವಳ ಮುಖ, ಮೂವತ್ತೊಂದು ದಿನ. ಅವನಿಗೆ ಗುರುತಿನವರು ಎಲ್ಲೆಲ್ಲಿದ್ದಾರೋ. ಅದಕ್ಕೇ ಮಧ್ಯಾಹ್ನದಿಂದ ಉಳಿದ ಹನ್ನೊಂದು ತಿಂಗಳೂ ಚೀಲದಲ್ಲಿ ಕತ್ತರಿ ಹಾಕಿಕೊಂಡು ಅಂಗಡಿ, ಮನೆ ಎಂದು ಸುತ್ತುತ್ತಿದ್ದಾರೆ. “ಅಚ್ಚಿನ ತಪ್ಪಾಗಿದೆ, ಒಂದು ಹಾಳೆ ತೆಗೀಬೇಕು,” ಅಂತ ಹೇಳಿ ಮಾರ್ಚ್ ಕತ್ತರಿಸಿ ತರುತ್ತಿದ್ದಾರೆ. ಕ್ಷೌರದಂಗಡಿಯವನು ಜಪ್ಪಯ್ಯ ಅಂದರೂ ಕೊಡಲಿಲ್ಲವಂತೆ. “ಇರೋದ್ರಲ್ಲಿ ಅದೊಂದೇ ನಗೋ ಮುಖ, ನನ್ನ ಗಿರಾಕಿಗಳು ಏನ್ ನೋಡ್ಬೇಕಮ್ಮಾ?” ಅಂದನಂತೆ. ನಿನ್ನ ಭಾವ, “ಈ ವರ್ಷ ನಮ್ಮೂರಲ್ಲಿ ಫೆಬ್ರವರಿ ಆದ್ಮೇಲೆ ನೇರ ಏಪ್ರಿಲ್,” ಎಂದು ತಮಾಷೆ ಮಾಡಲು ನೋಡಿದರು.

ಸ್ವಲ್ಪ ತಡಿ.

ಈಗ ಐದೂಕಾಲು. ಶಟರಿನ ಕೆಳಗಿನ ಸಂದಿಯಲ್ಲಿ ಎರಡು ಬೂಟು ಬಂದು ನಿಂತವು. ಮಿರಿಮಿರಿ ಮಿಂಚುವ ಬೂಟು. ಪೆನ್ನು ಕಾಗದದ ಮೇಲಿತ್ತು, ಎತ್ತಿದರೆ ಸದ್ದಾದೀತು ಅಂತ ಎತ್ತಲಿಲ್ಲ. ಮೇಲೆ ಕಾಣುವ ಶಾಯಿಯ ಕಲೆ ಅದೇ. ಅವನು ಕೂಗಲಿಲ್ಲ, ತಟ್ಟಲಿಲ್ಲ, ಸುಮ್ಮನೆ ನಿಂತಿದ್ದ. ಗೋಡೆ ಗಡಿಯಾರದಲ್ಲಿ ನಾಲ್ಕು ನಿಮಿಷ ಕಳೆಯಿತು. ಆಮೇಲೆ ಬೂಟು ಬಸ್ ನಿಲ್ದಾಣದ ಕಡೆಗೆ ತಿರುಗಿದವು. ಅಲ್ಲಿನ ಲಾಡ್ಜಿನಲ್ಲೇ ಇಳಿದಿದ್ದೇನೆ ಎಂದು ಮಧ್ಯಾಹ್ನವೇ ಹೇಳಿದ್ದ. ಇವಳನ್ನು ಬಸ್ಸಿನಲ್ಲಿ ಕಳಿಸುವ ಹಾಗಿಲ್ಲ.


ಗುರುವಾರ, ಬೆಳಿಗ್ಗೆ ಆರೂಮುಕ್ಕಾಲು

ಎಲ್ಲಾ ತೀರ್ಮಾನವಾಯಿತು. ನಿನ್ನ ಭಾವ ಬ್ರೆಡ್ ವ್ಯಾನಿನ ಹಿಂದುಗಡೆ, ಟ್ರೇಗಳ ನಡುವೆ ಅವಳಿಗೆ ಜಾಗ ಮಾಡಿದ್ದಾರೆ. ನಿಮ್ಮ ಆಸ್ಪತ್ರೆಗೆ ಬ್ರೆಡ್ ಹಾಕುವ ದಿನ ಇವತ್ತೇ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ಅವಳ ಕೈಯಲ್ಲೇ ಕೊಡುತ್ತಿದ್ದೇನೆ. ನಿನ್ನ ಒಪ್ಪಿಗೆ ಕೇಳುವಷ್ಟು ಹೊತ್ತು ಉಳಿದಿಲ್ಲ, ಕ್ಷಮಿಸು. ಭಾವ ನಿಮ್ಮ ಬೀದಿಯ ತುದಿಯಲ್ಲಿ ಇಳಿಸಿ ಹೋಗುತ್ತಾರೆ. ಬಾಗಿಲವರೆಗೆ ಬರಲು ಅವರಿಗೆ ಮುಖವಿಲ್ಲ.

ಅವಳ ಹೆಸರು ಕೇಳಬೇಡ, ಅವಳಾಗೇ ಹೇಳುವವರೆಗೂ ಮಾರ್ಚ್ ಅಂತಲೇ ಕರಿ. ಮಲಗುವ ಕೋಣೆಗೆ ಹೊರಗಿನಿಂದ ಚಿಲಕ ಇದ್ದರೆ ಕಿತ್ತುಹಾಕು. ಒಗೆಯುವ ಕಡೆ ಹರಿದ ಚಾದರ ಹೊಲಿಯುವ ಕೆಲಸ ಇದ್ದರೆ ಕೊಡಿಸು, ಸುಮ್ಮನೆ ಕೂತು ಉಣ್ಣುವವಳಲ್ಲ. ಬೆಳಿಗ್ಗೆ ಅವಳ ಕಾಲು ಹಿಡಿಯಲು ಹೋದೆ. “ಬಿಡಿ ಅಕ್ಕಾ,” ಅಂದಳು, “ಆ ಫೋಟೋದಲ್ಲಿ ನಾನು ನಗ್ತಿದೀನಿ. ನಾನು ನಗೋದು ಹಾಗಿರುತ್ತೆ ಅಂತ ನನಗೇ ಗೊತ್ತಿರಲಿಲ್ಲ.” ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹನ್ನೊಂದಕ್ಕೆ ಅವನು ಬರುತ್ತಾನೆ. ಹನ್ನೊಂದು ತಿಂಗಳೂ ಪಾಸ್‌ಪೋರ್ಟ್ ಫೋಟೋಗೆ ಬಂದವರ ಹಾಗೆ ಬೆಂಚಿನ ಮೇಲೆ ಸಾಲಾಗಿ ಕೂರುತ್ತಾರಂತೆ, ಟೀಚರ್ ಬಾಗಿಲಲ್ಲಿ. ನಾನು, “ತಪ್ಪಾಯ್ತು, ಅವಳು ಊರು ಬಿಟ್ಟು ತಿಂಗಳಾಯ್ತು, ಎಲ್ಲಿಗೆ ಹೋದ್ಲೋ ಗೊತ್ತಿಲ್ಲ,” ಅನ್ನಬೇಕು. ರಾತ್ರಿಯಿಂದ ಇದನ್ನೇ ಬಾಯಿಪಾಠ ಮಾಡುತ್ತಿದ್ದೇನೆ. ಅವನು ವಾಚ್ ಬಿಚ್ಚಿ ಗಾಜಿನ ಮೇಲೆ ಇಟ್ಟರೆ ನನಗೆ ಮಾತು ಹೊರಡುತ್ತದೋ ಇಲ್ಲವೋ ಗೊತ್ತಿಲ್ಲ. ಹೆದರಿಕೆ ಆಗುತ್ತಿದೆ ಕಣೇ, ತುಂಬಾ ಹೆದರಿಕೆ ಆಗುತ್ತಿದೆ. ಆದರೂ ನಿನ್ನ ವಿಳಾಸ ಈ ಸಲ ನನ್ನ ಬಾಯಿಂದ ಬರುವುದಿಲ್ಲ.

ನೀನು ನೂರ್ಕಾಲ ತಣ್ಣಗಿರು. ನಿನ್ನ ಮನೆಯ ಬೀಗದ ಕೈ ಎಂದೂ ನಿನ್ನ ಕೈಯಲ್ಲೇ ಇರಲಿ.

ನಿನ್ನ ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ವ್ಯಾನು ಹಾರ್ನ್ ಮಾಡುತ್ತಿದೆ. “ಈ ಸಲ” ಅಂತ ಮೇಲೆ ಯಾಕೆ ಬರೆದೆ ಅಂತ ನೀನು ಕೇಳಿಯೇ ಕೇಳುತ್ತೀಯ. ಹನ್ನೆರಡು ವರ್ಷದ ಕೆಳಗೆ ಒಂದು ಕೈಚೀಲ ಹಿಡಿದು ನನ್ನ ಮನೆಗೆ ಓಡಿಬಂದಿದ್ದೆಯಲ್ಲ. ಉಣ್ಣಲು ಇಟ್ಟೆ, ಹಾಸಿಗೆ ಹಾಸಿಕೊಟ್ಟೆ. ಮಾರನೆಯ ದಿನ ನಿನ್ನ ಗಂಡ ಬಾಗಿಲಲ್ಲಿದ್ದ. ಬಸ್ ಕಂಡಕ್ಟರ್ ಹೇಳಿರಬೇಕು ಅಂತ ನೀನು ಇವತ್ತಿಗೂ ನಂಬಿದ್ದೀಯ. ಕಂಡಕ್ಟರ್ ಅಲ್ಲ ಗುಬ್ಬಿ. ನೀನು ಮಲಗಿದ ಮೇಲೆ ಫೋನ್ ಮಾಡಿದವಳು ನಾನು. ಅವನು ಅತ್ತ, ನಾನು ನಂಬಿದೆ. ನಿನ್ನ ಭಾವ ಪಕ್ಕದಲ್ಲೇ ನಿಂತು ಸುಮ್ಮನಿದ್ದರು. ನಿನ್ನ ಎಡಗಿವಿ ಹೋದದ್ದು ಆ ವಾರವೇ. ಅವಳು ಇನ್ನೂ ಹೊಸ್ತಿಲ ಆಚೆಯೇ ನಿಂತಿದ್ದರೆ, ಓದುವುದನ್ನು ಇಲ್ಲಿಗೆ ನಿಲ್ಲಿಸು, ಮೊದಲು ಅವಳನ್ನು ಒಳಗೆ ಕರೆದು ಬಾಗಿಲು ಹಾಕಿಕೋ. ನನ್ನ ಮೇಲಿನ ಸಿಟ್ಟು ಆಮೇಲೆ ತೀರಿಸಿಕೊಳ್ಳುವಿಯಂತೆ.