ಹ ಇಲ್ಲದ ಅಳ್ಳಿ

ಮಳವಳ್ಳಿ
9 ಫೆಬ್ರುವರಿ 2025

ಪ್ರೀತಿಯ ವನಜಾ,

ಹದಿನಾರು ವರ್ಷ ಮಾತು ಬಿಟ್ಟವಳು ಈಗ ಕಾಗದ ಹಿಡಿದು ಬಂದಿದ್ದಾಳೆ ಎಂದು ಬೈದುಕೊಂಡಾದರೂ ಓದು. ನಿನ್ನ ಈಮೇಲ್ ವಿಳಾಸ ನನಗೆ ಗೊತ್ತು. ಆದರೂ ಚಿಕ್ಕರಸಿನಕೆರೆಯ ನಿಮ್ಮ ಮನೆಗೆ ಅಂಚೆಯಲ್ಲೇ ಬರೆಯುತ್ತಿದ್ದೇನೆ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ, ಅಲ್ಲಿಯವರೆಗೆ ಧೈರ್ಯ ಉಳಿದರೆ.

ನಾನೀಗ ಇಲ್ಲೊಂದು ಹೈಸ್ಕೂಲಿನ ಆಫೀಸಿನಲ್ಲಿ ಕ್ಲರ್ಕು. ಹೋದ ತಿಂಗಳು ಹೊಸ ಕಂಪ್ಯೂಟರ್ ಬಂತು. ಹಳೆಯದರಲ್ಲಿ ಟೈಪ್ ಮಾಡಿಟ್ಟಿದ್ದ ಮಕ್ಕಳ ಪಟ್ಟಿ ತೆರೆದರೆ ಕನ್ನಡವೇ ಮಾಯ! ತಲೆ ಮೇಲೆ ಚುಕ್ಕೆ, ಟೋಪಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತಿದ್ದವು. ಹೆಡ್‌ಮಾಸ್ಟರ್ ಮಹದೇವಸ್ವಾಮಿ ಇಣುಕಿ, "ಏನಮ್ಮ ಇದು, ಐಕ್ಳ ಎಸ್ರೆಲ್ಲ ಎಲ್ಗೋದೊ?" ಎಂದರು. ಇಂಟರ್ನೆಟ್ಟಿನಲ್ಲಿ ಪರಿಹಾರ ಹುಡುಕಿದೆ. ಎಲ್ಲಿ ಹೋದರೂ ಒಂದು ಜಾಹೀರಾತು ಸರಿಸುವಷ್ಟರಲ್ಲಿ ಇನ್ನೊಂದು ಬಂದು ಕೂರುತ್ತಿತ್ತು. ಎರಡು ದಿನ ಹೀಗೆ ಅಲೆದ ಮೇಲೆ ಸಿಕ್ಕಿದ್ದು 'ಅಳ್ಳಿ ಪುಟ'.

ಒತ್ತಿದ್ದೇ ತಡ, ತೆರೆದುಕೊಂಡಿತು. ಜಾಹೀರಾತಿಲ್ಲ, ಫೋಟೊ ಇಲ್ಲ, ಬರೆದವರ ಹೆಸರೂ ಇಲ್ಲ, ಒಂದು ಈಮೇಲ್ ವಿಳಾಸ ಮಾತ್ರ. ಹಳೆಯ ಫಾಂಟನ್ನು ಯೂನಿಕೋಡ್‌ಗೆ ತರುವ ಪುಟ್ಟ ಪ್ರೋಗ್ರಾಮು, ಅದರ ಒಂದೊಂದು ಸಾಲಿಗೂ ವಿವರಣೆ, ತಾನು ಎಲ್ಲೆಲ್ಲಿ ಎಡವಿದೆ ಎಂಬುದೂ ಸೇರಿದಂತೆ. "ಅರ್ಕಾವತ್ತು ಮದ್ವೆಗೆ ಲೇಟಾಗಿ ಬಂದು ಮುಂದಿನ ಸಾಲಲ್ಲಿ ಕೂರೋ ನೆಂಟ ಇದ್ದಂಗೆ. ಕೊನೆಗೆ ಬರೀತೀವಿ, ಮೊದ್ಲು ಓದ್ತೀವಿ. ಕಂಪ್ಯೂಟರ್ಗೆ ಅಲ್ಲೇ ತಲೆ ಕೆಡೋದು" ಎಂಬಲ್ಲಿ ಆಫೀಸಿನಲ್ಲಿ ಒಬ್ಬಳೇ ನಕ್ಕೆ. ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಹೆಸರೆಲ್ಲ ವಾಪಸ್ ಬಂದಿದ್ದವು.

ಕೆಲಸ ಮುಗಿದರೂ ಎದ್ದು ಬರಲಾಗಲಿಲ್ಲ. ಕೆಳಗೆ 'ನೆರೆಮನೆಯವರು' ಎಂದು ನೀನು ಕೊಟ್ಟ ಕೊಂಡಿಗಳಿದ್ದವಲ್ಲ, ಮಜ್ಜಿಗೆ ಕೇಳಲು ಹೋದವಳ ಹಾಗೆ ಒಂದೊಂದೇ ಮನೆ ಹೊಕ್ಕೆ. ಮದ್ದೂರಿನ ನಿವೃತ್ತ ಮೇಷ್ಟ್ರು ಹಳೇ ರೇಡಿಯೊ ಬಿಚ್ಚಿ ಜೋಡಿಸಿದ ಕಥೆ ಬರೆದಿದ್ದರು. ಮಂಡ್ಯದ ಒಬ್ಬಾಕೆ ಹೊಲಿಗೆ ಮಿಷನ್ನಿನ ದಾರ ಯಾಕೆ ಗಂಟಾಗುತ್ತದೆಂದು ಹನ್ನೆರಡು ಚಿತ್ರ ಬರೆದು ತೋರಿಸಿದ್ದರು. ಯಾರೂ ಕೇಳದಿದ್ದರೂ, ಯಾರೂ ಹೊಗಳದಿದ್ದರೂ, ತಮಗೆ ತಿಳಿದದ್ದನ್ನು ಜಗಲಿಯ ಮೇಲೆ ಇಟ್ಟು ಹೋದ ಜನ. ಇಂಥವರೂ ಇದ್ದಾರೆಯೇ ಎಂದು ಮನಸ್ಸು ತುಂಬಿ ಬಂತು ಕಣೇ.

ಆ ಪುಟ ಬರೆದವಳು ನೀನು ಎಂದು ತಿಳಿದದ್ದು ಆಮೇಲೆ, ಒಂದು ವಾರ ಬಿಟ್ಟು ಮತ್ತೆ ಅಲ್ಲಿಗೆ ಬಂದಾಗ. ಯಾರೋ ಓದುಗರು, ತಲೆಬರಹದಲ್ಲಿ 'ಹ' ಬಿಟ್ಟುಹೋಗಿದೆ, ತಿದ್ದಿಕೊಳ್ಳಿ ಎಂದು ನಿನಗೆ ಬರೆದಿದ್ದರಂತೆ. ಅದಕ್ಕೆ ನಿನ್ನ ಉತ್ತರ ಪುಟದ ಮೇಲೇ ಇತ್ತು: "ಬುಟ್ಟೋಗಿಲ್ಲ ಕಣಮ್ಮ. ನಾನೇ ಬುಟ್ಟಿರೋದು." ಅದರ ಕೆಳಗೆ ಕಾರಣ. ಮಂಡ್ಯದಲ್ಲಿ ನಾವು ಡಿಪ್ಲೊಮಾ ಓದುವಾಗ ಸೆಮಿನಾರಿನಲ್ಲಿ ನೀನು, "ಇಂಟರ್ನೆಟ್ಟು ಅಂದ್ರೆ ಒಂದು ಅಳ್ಳಿ ಇದ್ದಂಗೆ, ಒಂದೊಂದು ಮನೆಗೂ ಒಂದೊಂದು ಅಡ್ರೆಸ್ಸು" ಎಂದದ್ದು, ಕ್ಲಾಸೆಲ್ಲ ನಕ್ಕಿದ್ದು, ನೀನು ಹಾಳೆ ಮಡಚಿಕೊಂಡು ಕೂತಿದ್ದು.

ಮೊದಲು ನಕ್ಕವಳು ಯಾರೆಂದು ಮಾತ್ರ ನೀನು ಬರೆದಿಲ್ಲ. ನಾನು. ನನ್ನನ್ನು ನೋಡಿ ಉಳಿದವರು ನಕ್ಕರು.

ನಾನೇನು ಹೊಟ್ಟೆಯಿಂದಲೇ 'ಹ' ಕಲಿತು ಬಂದವಳೇ? ನಮ್ಮವ್ವ ಸಣ್ಣತಾಯಮ್ಮ ಇವತ್ತಿಗೂ ಆಲು, ಊವು ಎನ್ನುವವಳು. ಸಿಕ್ಕಿಬೀಳುವ ಭಯಕ್ಕೆ ನಾನು ಬೇಡದ ಕಡೆಯೂ 'ಹ' ಸೇರಿಸುತ್ತಿದ್ದೆ. ನಾವಿಬ್ಬರೂ ಸೇರಿ ರೂಮು ಮಾಡಿದ ಮೊದಲ ವಾರ ಅಂಗಡಿಯಲ್ಲಿ ನಾನು ಗಟ್ಟಿಯಾಗಿ "ಎರಡು ಕೆ.ಜಿ. ಹಕ್ಕಿ ಕೊಡಿ" ಎಂದಾಗ ಅಂಗಡಿಯವನು ಬಾಯಿ ತೆರೆಯುವ ಮೊದಲೇ ನೀನು, "ಅಕ್ಕಿ ಕೊಡಣ್ಣ, ಅವ್ಳಿಗೆ ನೆಗ್ಡಿ" ಎಂದು ಮುಚ್ಚಿಬಿಟ್ಟೆ. ದಾರಿಯಲ್ಲೂ ನಗಲಿಲ್ಲ. ಅಂಥ ನಿನ್ನನ್ನು ನೋಡಿ ನಾನು ನಕ್ಕೆ, ನಾನೂ ಅದೇ ಬಾಯಿಯವಳೆಂದು ಯಾರಿಗೂ ಗೊತ್ತಾಗಬಾರದೆಂದು.

ಅವತ್ತು ನೀನು ಹೇಳಿದ್ದು ಎಷ್ಟು ನಿಜ ವನಜಾ. ಆ ಹಳ್ಳಿಯನ್ನು ನಾನು ಈಗ ಕಣ್ಣಾರೆ ಕಂಡೆ, ನೀನು ಕಟ್ಟಿದ ಮನೆಯ ಬಾಗಿಲಿನಿಂದಲೇ. ಕ್ಷಮಿಸು ಎನ್ನಲು ಬಾಯಿಲ್ಲ, ಆದರೂ ಕೇಳುತ್ತಿದ್ದೇನೆ. ಒಂದು ಭಾನುವಾರ ಬಸ್ಸು ಹತ್ತಿ ಬರಲೇ? ಬೇಡವೆಂದರೆ ಬೇಡ ಎಂದಾದರೂ ಒಂದು ಸಾಲು ಬರೆ.

ಇಂತಿ,
ನೆಗಡಿಯೇ ಇಲ್ಲದ ನಿನ್ನ
ಶೋಭಿತಾ

ಮರೆತ ಮಾತು: ಮರೆತದ್ದಲ್ಲ, ಮುಂದೂಡಿದ್ದು. ತಲೆಬರಹಕ್ಕೆ 'ಹ' ಸೇರಿಸಿ ಎಂದು ಈಮೇಲ್ ಕಳಿಸಿದ ಆ ಓದುಗರೂ ನಾನೇ. ನೀನೆಂದು ತಿಳಿಯದೆ ಎರಡನೇ ಸಲವೂ ನಿನ್ನನ್ನೇ ತಿದ್ದಹೋದೆ. ಆ ವಿಳಾಸದಿಂದ ಮತ್ತೆ ಬರೆಯಲು ಮುಖವಿರಲಿಲ್ಲ, ಅದಕ್ಕೇ ಈ ಕಾಗದ. ನಿನ್ನ ಪುಟ ನೋಡಿಕೊಂಡು ನಾನೂ ಒಂದು ಪುಟ ಮಾಡಿದ್ದೇನೆ. ಹೆಸರು 'ಎರಡು ಕೆ.ಜಿ. ಹಕ್ಕಿ'. ಅದರಲ್ಲಿ ಸದ್ಯ ಒಂದೇ ಬರಹವಿದೆ. ಮೊದಲು ನಕ್ಕವಳ ಹೆಸರನ್ನು ಅಲ್ಲಿ ಬರೆದಿದ್ದೇನೆ. ನಿನ್ನ ನೆರೆಮನೆಯವರಲ್ಲಿ ಜಾಗವಿದ್ದರೆ ನೋಡು.